ಹಸಿದವನ ಅರ್ಹತೆ: ನ್ಯೂಯಾರ್ಕಿನ ಆತಿಥ್ಯಗೃಹಗಳನ್ನು ಕುರಿತು ಒಂದು ವಿವೇಚನೆ

೧. ಪ್ರಶ್ನೆಯ ಸ್ವರೂಪ

ಹಸಿದವನಿಗೆ ಅನ್ನವಿಕ್ಕುವುದು ಪುಣ್ಯಕಾರ್ಯವೆಂಬ ವಿಷಯದಲ್ಲಿ ಮತಮತಗಳಲ್ಲಿ ಭಿನ್ನಾಭಿಪ್ರಾಯವಿಲ್ಲ. ಅದು ತಲೆದೋರುವುದು ಮುಂದಿನ ಪ್ರಶ್ನೆಯಲ್ಲಿ. ಯಾವ ಹಸಿದವನಿಗೆ? ದುಡಿಯಲಾರದೆ ಹಸಿದವನಿಗೋ, ದುಡಿಯಲೊಲ್ಲದೆ ಹಸಿದವನಿಗೋ? ಕುಡಿದು ಹಣ ಕಳೆದವನಿಗೆ ಇಕ್ಕಬೇಕೇ? ನಿನ್ನೆ ಉಂಡು ಇಂದು ಮತ್ತೆ ಬಂದವನಿಗೆ ಇಕ್ಕಬೇಕೇ? ಇಕ್ಕುವವನ ಬಳಿಯ ಅನ್ನ ಮಿತವಾಗಿರುವುದರಿಂದ ಈ ಪ್ರಶ್ನೆಗಳು ಕೇವಲ ತರ್ಕಕ್ಕಾಗಿ ಹುಟ್ಟಿದವಲ್ಲ; ದಿನವೂ ಬಾಗಿಲಲ್ಲಿ ನಿಂತು ಉತ್ತರ ಬೇಡುವಂಥವು. ಪಾಶ್ಚಾತ್ಯ ದೇಶಗಳ ದಾನವ್ಯವಸ್ಥೆಯ ಇತಿಹಾಸವೆಂದರೆ ಬಹುಮಟ್ಟಿಗೆ ಈ ಪ್ರಶ್ನೆಗೆ ಕೊಟ್ಟ ಉತ್ತರಗಳ ಇತಿಹಾಸವೇ.

ಪ್ರಕೃತ ಲೇಖನದಲ್ಲಿ ಅಂಥ ಒಂದು ಉತ್ತರವನ್ನು ವಿವೇಚಿಸಲಾಗಿದೆ. ೧೯೩೩ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಹುಟ್ಟಿ ಇಂದಿಗೂ ನಡೆದುಬರುತ್ತಿರುವ ‘ಕ್ಯಾಥೊಲಿಕ್ ವರ್ಕರ್’, ಎಂದರೆ ‘ಕ್ಯಾಥೊಲಿಕ್ ಶ್ರಮಜೀವಿ’, ಎಂಬ ಚಳವಳಿಯ ಸ್ವಯಂಸೇವಕರು ವಸತಿಹೀನರಿಗೆ ಊಟವಿಕ್ಕುವಾಗ ಅರ್ಹತೆಯ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಇದು ಮೃದುಹೃದಯದವರ ಅವಿಚಾರವೋ, ವಿಚಾರಪೂರ್ವಕವಾದ ಸಿದ್ಧಾಂತವೋ? ಸಿದ್ಧಾಂತವಾದರೆ ಅದಕ್ಕೆ ಆಧಾರವೇನು, ಅದಕ್ಕೆ ತೆರಬೇಕಾದ ಬೆಲೆಯೇನು? ಈ ಅಂಶಗಳನ್ನು ಕ್ರಮವಾಗಿ ಪರಿಶೀಲಿಸೋಣ.

೨. ದಯಾಕಾರ್ಯಗಳು

ಕ್ರೈಸ್ತರ ಅನ್ನದಾನಕ್ಕೆ ಮೂಲವಾದ ಪಾಠ ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದಲ್ಲಿದೆ. ಅಂತಿಮ ನ್ಯಾಯವಿಚಾರಣೆಯ ದಿನದಂದು ರಾಜನಾಗಿ ಕುಳಿತ ಕ್ರಿಸ್ತನು ಜನರನ್ನು ಎರಡು ಭಾಗವಾಗಿ ವಿಂಗಡಿಸುತ್ತಾನೆ. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಪರಸ್ಥಳದವರಿಗೆ ಆಸರೆ, ಬಟ್ಟೆಯಿಲ್ಲದವರಿಗೆ ಬಟ್ಟೆ, ರೋಗಿಗಳ ಆರೈಕೆ, ಸೆರೆಯಲ್ಲಿರುವವರ ಭೇಟಿ, ಈ ಆರು ಕಾರ್ಯಗಳನ್ನು ಮಾಡಿದವರು ಒಂದು ಕಡೆ, ಮಾಡದವರು ಇನ್ನೊಂದು ಕಡೆ. ಮಧ್ಯಯುಗದ ಧರ್ಮಶಾಸ್ತ್ರಜ್ಞರು ತೊಬಿತನ ಗ್ರಂಥದ ಆಧಾರದ ಮೇಲೆ ಸತ್ತವರನ್ನು ಹೂಳುವುದನ್ನೂ ಸೇರಿಸಿ ಇವುಗಳ ಸಂಖ್ಯೆಯನ್ನು ಏಳಕ್ಕೆ ಏರಿಸಿದರು. ದೇಹಸಂಬಂಧವಾದ ಏಳು ದಯಾಕಾರ್ಯಗಳೆಂದು ಕ್ಯಾಥೊಲಿಕ್ ಸಂಪ್ರದಾಯದಲ್ಲಿ ಹೆಸರಾಗಿರುವುವು ಇವೇ.

ಈ ಪಾಠದಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಮೊದಲನೆಯದು, ಹಸಿದವನು ಒಳ್ಳೆಯವನೋ ಕೆಟ್ಟವನೋ ಎಂಬ ಮಾತು ಅಲ್ಲಿ ಬರುವುದೇ ಇಲ್ಲ. ಅವನ ಹಸಿವೊಂದೇ ಅವನ ಲಕ್ಷಣ. ಎರಡನೆಯದು, ಅವನಿಗೆ ಮಾಡಿದ ಉಪಚಾರವನ್ನು ಕ್ರಿಸ್ತನು ತನಗೇ ಮಾಡಿದುದೆಂದು ಎಣಿಸುತ್ತಾನೆ. ಆದುದರಿಂದ ಆ ಸಭೆಯಲ್ಲಿ ಪರೀಕ್ಷೆಗೆ ಒಳಗಾಗುವವನು ಉಣ್ಣುವವನಲ್ಲ, ಇಕ್ಕುವವನು. ಮುಂದಿನ ವಿವೇಚನೆಗೆಲ್ಲ ಈ ಅಂಶವೇ ತಳಹದಿ.

ಪ್ರಾಚೀನ ಧರ್ಮಸಭೆ ಈ ಪಾಠವನ್ನು ಅಕ್ಷರಶಃ ಅನುಸರಿಸಿತೆನ್ನುವುದಕ್ಕೆ ಪ್ರತಿಪಕ್ಷದವರ ಸಾಕ್ಷ್ಯವೇ ಇದೆ. ನಾಲ್ಕನೆಯ ಶತಮಾನದಲ್ಲಿ ಕ್ರೈಸ್ತಮತವನ್ನು ತೊರೆದು ಹಳೆಯ ದೇವತೆಗಳ ಆರಾಧನೆಯನ್ನು ಪುನರುದ್ಧರಿಸಲು ಯತ್ನಿಸಿದ ರೋಮನ್ ಚಕ್ರವರ್ತಿ ಜೂಲಿಯನ್, ಕ್ರೈಸ್ತರು ತಮ್ಮ ಬಡವರನ್ನಲ್ಲದೆ ನಮ್ಮ ಬಡವರನ್ನೂ ಸಾಕುತ್ತಿರುವುದು ನಮಗೆ ನಾಚಿಕೆಗೇಡೆಂದು ತನ್ನ ಪುರೋಹಿತನೊಬ್ಬನಿಗೆ ಬರೆದು, ಊರೂರಿನಲ್ಲಿಯೂ ಧರ್ಮಛತ್ರಗಳನ್ನು ಕಟ್ಟಿಸುವಂತೆ ಆಜ್ಞಾಪಿಸಿದನು. ಅದೇ ಶತಮಾನದಲ್ಲಿ ಸಿಸೇರಿಯದ ಬಿಷಪ್ ಬೆಸಿಲ್ ಊರ ಹೊರಗೆ ರೋಗಿಗಳಿಗೂ ಪರದೇಶಿಗಳಿಗೂ ಒಂದು ದೊಡ್ಡ ಆಶ್ರಯಸ್ಥಾನವನ್ನು ಸ್ಥಾಪಿಸಿದನು. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟನು ಮಠಗಳಿಗಾಗಿ ರಚಿಸಿದ ನಿಯಮಾವಳಿಯ ಐವತ್ತಮೂರನೆಯ ಅಧ್ಯಾಯ, ಬಂದ ಅತಿಥಿಗಳೆಲ್ಲರನ್ನೂ ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕೆಂದು ವಿಧಿಸುತ್ತದೆ. ಬಡವರಲ್ಲಿ ವಿಶೇಷವಾದ ಆದರವಿರಬೇಕೆಂದೂ ಧನಿಕನಿಗೆ ಸಲ್ಲುವ ಮರ್ಯಾದೆಯನ್ನು ಅವನ ಮೇಲಣ ಭಯವೇ ಸಲ್ಲಿಸಿಬಿಡುತ್ತದೆಂದೂ ಅಲ್ಲಿ ಹೇಳಿರುವುದು ಲೋಕಾನುಭವದ ಮಾತು.

೩. ಪರೀಕ್ಷೆಯ ಮೂರು ಬಗೆಗಳು

ಕಾಲಕ್ರಮದಲ್ಲಿ ಪರೀಕ್ಷೆ ಇಕ್ಕುವವನನ್ನು ಬಿಟ್ಟು ಉಣ್ಣುವವನ ಕಡೆಗೆ ತಿರುಗಿತು. ಇದಕ್ಕೆ ಕಾರಣಗಳಿಲ್ಲದಿಲ್ಲ. ಹಳ್ಳಿಗಳು ಒಡೆದು ನಗರಗಳು ಬೆಳೆದಂತೆ ಬೇಡುವವರ ಸಂಖ್ಯೆ ಹೆಚ್ಚಿತು; ಕೊಡುವವನಿಗೆ ಬೇಡುವವನ ಪರಿಚಯ ತಪ್ಪಿತು. ಇಂಗ್ಲೆಂಡಿನ ೧೬೦೧ರ ಬಡವರ ಕಾಯಿದೆ, ದುಡಿಯಬಲ್ಲ ಬಡವರನ್ನೂ ದುಡಿಯಲಾರದ ಬಡವರನ್ನೂ ಬೇರ್ಪಡಿಸಿತು. ೧೮೩೪ರ ಹೊಸ ಕಾಯಿದೆ ಇನ್ನೂ ಮುಂದೆ ಹೋಯಿತು. ನೆರವು ಪಡೆಯುವವನ ಸ್ಥಿತಿ ಅತ್ಯಂತ ಕೆಳಮಟ್ಟದ ಕೂಲಿಯವನ ಸ್ಥಿತಿಗಿಂತಲೂ ಹೀನವಾಗಿರಬೇಕು, ಇಲ್ಲವಾದರೆ ಯಾರೂ ದುಡಿಯರು ಎಂಬುದು ಅದರ ತತ್ತ್ವ. ಬಡವರ ದುಡಿಮೆಮನೆಯಲ್ಲಿ ಗಂಡಹೆಂಡಿರನ್ನು ಬೇರೆಬೇರೆಯಾಗಿ ಇರಿಸುತ್ತಿದ್ದುದು ಈ ತತ್ತ್ವದ ಫಲವೇ. ಇದು ಕಾಯಿದೆಯ ಪರೀಕ್ಷೆ.

ಎರಡನೆಯದು ವಿಚಾರಣೆಯ ಪರೀಕ್ಷೆ. ೧೮೬೯ರಲ್ಲಿ ಲಂಡನ್ನಿನಲ್ಲಿಯೂ ೧೮೭೭ರಲ್ಲಿ ಅಮೆರಿಕದ ಬಫೆಲೊ ನಗರದಲ್ಲಿಯೂ ಹುಟ್ಟಿದ ದಾನಸಂಘಟನಾ ಸಂಸ್ಥೆಗಳು, ಕೈಗೆ ಬಂದಂತೆ ಕೊಡುವ ದಾನ ಬಡವನನ್ನು ಕೆಡಿಸುತ್ತದೆಂದು ಸಾರಿ, ಮನೆಮನೆಗೂ ಸಂದರ್ಶಕರನ್ನು ಕಳುಹಿಸಿ, ಪ್ರತಿಯೊಂದು ಕುಟುಂಬದ ವೃತ್ತಾಂತವನ್ನೂ ಬರೆದಿಟ್ಟುಕೊಂಡು, ಅರ್ಹರೆಂದು ಕಂಡವರಿಗೆ ಮಾತ್ರ ನೆರವು ಕೊಡಿಸತೊಡಗಿದವು. ಈ ಪದ್ಧತಿಯನ್ನು ಕೇವಲ ಕ್ರೌರ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಒಬ್ಬನ ಕಷ್ಟದ ಕಾರಣವನ್ನು ತಾಳ್ಮೆಯಿಂದ ವಿಚಾರಿಸಿ ತಿಳಿಯಬೇಕೆಂಬ ಶಿಸ್ತು ಇಲ್ಲಿಯೇ ಮೊಳೆತು, ಮೇರಿ ರಿಚ್‌ಮಂಡರು ೧೯೧೭ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಇಂದಿನ ಸಮಾಜಕಾರ್ಯವೆಂಬ ವೃತ್ತಿಗೆ ಅಡಿಪಾಯವಾಯಿತು. ಆದರೆ ಉಣ್ಣುವ ಮುನ್ನ ತನ್ನ ಬಾಳಿನ ಕಥೆಯನ್ನು ಅಪರಿಚಿತರ ಮುಂದೆ ಒಪ್ಪಿಸಬೇಕಾದವನ ಸಂಕೋಚ ಆ ದಾಖಲೆಗಳಲ್ಲಿ ಸೇರಲಿಲ್ಲ.

ಮೂರನೆಯದು ಉಪದೇಶದ ಪರೀಕ್ಷೆ. ವಿಲಿಯಂ ಬೂತ್ ದಂಪತಿಗಳು ೧೮೬೫ರಲ್ಲಿ ಲಂಡನ್ನಿನ ಪೂರ್ವಭಾಗದಲ್ಲಿ ಆರಂಭಿಸಿ, ೧೮೭೮ರಲ್ಲಿ ಮುಕ್ತಿಸೇನೆಯೆಂದು ಹೆಸರಿಟ್ಟ ಸಂಸ್ಥೆ, ಮತ್ತು ನ್ಯೂಯಾರ್ಕಿನ ಬೌರಿ ಬೀದಿಯಲ್ಲಿ ೧೮೭೯ರಲ್ಲಿ ತೆರೆದ ಮಿಷನ್ನಿನಂಥ ಅನೇಕ ಸಂಸ್ಥೆಗಳು ನಿರ್ಗತಿಕರಿಗೆ ಮಾಡಿದ ಸೇವೆ ಅಪಾರ. ಕಾಯಿದೆ ಕೈಬಿಟ್ಟವರನ್ನು ಕೈಹಿಡಿದು ಎತ್ತಿದವರು ಅವರು. ಆದರೂ ಇಂಥ ಎಷ್ಟೋ ಮಿಷನ್ನುಗಳಲ್ಲಿ ಊಟಕ್ಕೆ ಮೊದಲು ಕೀರ್ತನೆಗೂ ಪ್ರವಚನಕ್ಕೂ ಕುಳಿತಿರಬೇಕಾದುದು ಪದ್ಧತಿಯಾಗಿತ್ತು. ಇಲ್ಲಿ ಹಸಿದವನಿಂದ ಕೇಳಿದುದು ಗತಕಾಲದ ವೃತ್ತಾಂತವನ್ನಲ್ಲ, ಮುಂದಿನ ಬಾಳಿನ ಭರವಸೆಯನ್ನು.

೪. ಚಳವಳಿಯ ಹುಟ್ಟು

ಈ ಮೂರು ಪರೀಕ್ಷೆಗಳನ್ನೂ ಕೈಬಿಟ್ಟವರು ಡೊರೊಥಿ ಡೇ ಮತ್ತು ಪೀಟರ್ ಮೊರಿನ್. ಡೇ ಅವರು ೧೮೯೭ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಜನಿಸಿದರು. ತಂದೆ ಪತ್ರಿಕೋದ್ಯೋಗಿ. ೧೯೦೬ರ ಏಪ್ರಿಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರ ಭೂಕಂಪದಿಂದ ಹಾಳಾದಾಗ ಅವರ ಕುಟುಂಬ ಕೊಲ್ಲಿಯ ಈಚೆಯ ಓಕ್‌ಲೆಂಡಿನಲ್ಲಿತ್ತು. ಮನೆಮಠ ಕಳೆದುಕೊಂಡು ದೋಣಿಗಳಲ್ಲಿ ಬಂದಿಳಿದ ಜನರಿಗೆ ತಾಯಿಯೂ ನೆರೆಹೊರೆಯವರೂ ಅಡಿಗೆ ಮಾಡಿ ಬಡಿಸಿ, ಮೈಮೇಲಿನ ಬಟ್ಟೆಯ ಹೊರತು ಉಳಿದುದನ್ನೆಲ್ಲ ಕೊಟ್ಟುದನ್ನು ಎಂಟು ವರ್ಷದ ಈ ಬಾಲಿಕೆ ಕಂಡಳು. ವಿಪತ್ತಿನ ದಿನಗಳಲ್ಲಿ ಜನ ಹೀಗೆ ನಡೆಯಬಲ್ಲರಾದರೆ ಉಳಿದ ದಿನಗಳಲ್ಲಿ ಏಕೆ ನಡೆಯಬಾರದೆಂಬ ಪ್ರಶ್ನೆ ಅವರನ್ನು ಕಡೆಯವರೆಗೂ ಬಿಡಲಿಲ್ಲವೆಂದು ೧೯೫೨ರಲ್ಲಿ ಪ್ರಕಟವಾದ ಅವರ ಆತ್ಮಕಥೆಯಿಂದ ವಿದಿತವಾಗುತ್ತದೆ. ತಾರುಣ್ಯದಲ್ಲಿ ಸಮಾಜವಾದಿ ಪತ್ರಿಕೆಗಳಲ್ಲಿ ದುಡಿದು, ಸ್ತ್ರೀಯರ ಮತದಾನದ ಹಕ್ಕಿಗಾಗಿ ೧೯೧೭ರಲ್ಲಿ ಸೆರೆಮನೆ ಕಂಡು, ಮಗಳು ಹುಟ್ಟಿದ ಮೇಲೆ ೧೯೨೭ರ ಡಿಸೆಂಬರಿನಲ್ಲಿ ಅವರು ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದರು.

ಮೊರಿನ್ ಫ್ರಾನ್ಸಿನ ದಕ್ಷಿಣ ಭಾಗದ ರೈತಕುಟುಂಬದವರು, ಹುಟ್ಟಿದುದು ೧೮೭೭ರಲ್ಲಿ. ಕೆಲಕಾಲ ಕ್ರೈಸ್ತ ಸಹೋದರರ ಸಂಘದಲ್ಲಿದ್ದು ಪಾಠ ಹೇಳಿ, ಅಮೆರಿಕಕ್ಕೆ ಬಂದು ಕೂಲಿಕೆಲಸದಿಂದ ಜೀವಿಸಿದವರು. ೧೯೩೨ರ ಡಿಸೆಂಬರಿನಲ್ಲಿ ಇವರಿಬ್ಬರ ಭೇಟಿಯಾಯಿತು. ವಿಚಾರಗೋಷ್ಠಿಗಳು, ಆತಿಥ್ಯಗೃಹಗಳು, ಬೇಸಾಯದ ಸಮುದಾಯಗಳು, ಈ ಮೂರು ಅಂಗಗಳುಳ್ಳ ಯೋಜನೆಯೊಂದು ಮೊರಿನ್ನರಲ್ಲಿ ಸಿದ್ಧವಾಗಿತ್ತು. ಕ್ರೈಸ್ತನ ಪ್ರತಿಯೊಂದು ಮನೆಯಲ್ಲಿಯೂ ಅತಿಥಿಗಾಗಿ ಒಂದು ಕೋಣೆಯಿರಬೇಕೆಂದು ಪ್ರಾಚೀನರು ಹೇಳಿದುದನ್ನು ಅವರು ಮತ್ತೆ ಮತ್ತೆ ಜ್ಞಾಪಿಸುತ್ತಿದ್ದರು.

ಅಮೆರಿಕದ ದುಡಿಯುವ ಜನರಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ನಿರುದ್ಯೋಗಿಗಳಾಗಿದ್ದ ಕಾಲವದು. ೧೯೩೩ರ ಮೇ ೧ರಂದು ನ್ಯೂಯಾರ್ಕಿನ ಯೂನಿಯನ್ ಚೌಕದಲ್ಲಿ ‘ಕ್ಯಾಥೊಲಿಕ್ ವರ್ಕರ್’ ಪತ್ರಿಕೆಯ ೨,೫೦೦ ಪ್ರತಿಗಳು ಪ್ರತಿಯೊಂದಕ್ಕೆ ಒಂದು ಸೆಂಟಿನಂತೆ ಮಾರಾಟಕ್ಕೆ ಬಂದವು. ಮುಂದೆಯೂ ಪತ್ರಿಕೆ ಆ ಬೆಲೆಯನ್ನೇ ಉಳಿಸಿಕೊಂಡು ಬಂದಿತು. ಆತಿಥ್ಯಗೃಹಗಳ ವಿಷಯವನ್ನು ಅದರಲ್ಲಿ ಓದಿದವರು, ಆ ಗೃಹವೆಲ್ಲಿದೆಯೆಂದು ಕೇಳಿಕೊಂಡು ಬಾಗಿಲಿಗೆ ಬಂದರು. ಬರೆದುದನ್ನು ಮಾಡಿ ತೋರಿಸುವುದು ಅನಿವಾರ್ಯವಾಯಿತು. ೧೯೩೦ರ ದಶಕ ಮುಗಿಯುವ ವೇಳೆಗೆ ಅಮೆರಿಕದಲ್ಲಿ ಮೂವತ್ತರಷ್ಟು ಆತಿಥ್ಯಗೃಹಗಳಿದ್ದವು.

೫. ಆತಿಥ್ಯಗೃಹದ ನಡೆವಳಿ

ಆತಿಥ್ಯಗೃಹದ ದಿನಚರಿಯಲ್ಲಿ ವಿಶೇಷವೆನಿಸುವ ಅಂಶ ಯಾವುದೂ ಇಲ್ಲ. ಮಾಟ್ ಬೀದಿಯ ಮನೆಯಲ್ಲಿ ಬೆಳಗಾಗುವ ಮುನ್ನವೇ ಕಾಫಿಗೂ ಬ್ರೆಡ್ಡಿಗೂ ನೂರಾರು ಜನ ಸಾಲುಗಟ್ಟುತ್ತಿದ್ದರು. ೧೯೬೮ರಿಂದ ಪೂರ್ವ ಒಂದನೆಯ ಬೀದಿಯಲ್ಲಿರುವ ಸಂತ ಯೋಸೇಫರ ಮನೆಯಲ್ಲಿಯೂ ದೊಡ್ಡ ಪಾತ್ರೆಯಲ್ಲಿ ಕಾಯಿಸಿದ ಸೂಪು, ಬ್ರೆಡ್ಡು, ಬಿಸಿ ಪಾನೀಯ ಇಷ್ಟೇ ಮುಖ್ಯವಾದ ಊಟ. ತರಕಾರಿ ಹೆಚ್ಚುವುದು, ಬಡಿಸುವುದು, ತಟ್ಟೆ ತೊಳೆಯುವುದು, ನೆಲ ಒರೆಸುವುದು, ಕೂಡಿಬಂದ ಹಳೆಯ ಬಟ್ಟೆಗಳನ್ನು ಅಳತೆ ನೋಡಿ ಹಂಚುವುದು, ಇವೇ ಕೆಲಸಗಳು. ವಿಶೇಷವಿರುವುದು ಈ ಕೆಲಸಗಳನ್ನು ಮಾಡುವ ಕ್ರಮದಲ್ಲಿ.

ಮೊದಲನೆಯದಾಗಿ, ಬಂದವರನ್ನು ಇಲ್ಲಿ ‘ಅತಿಥಿ’ಗಳೆಂದು ಕರೆಯುತ್ತಾರೆ. ಉಣ್ಣುವ ಮುನ್ನ ಹೆಸರು, ಊರು, ಮತ, ಉದ್ಯೋಗಗಳನ್ನು ವಿಚಾರಿಸುವುದಿಲ್ಲ. ಪ್ರಾರ್ಥನೆ ಮನೆಯಲ್ಲಿ ನಡೆಯುತ್ತದೆ. ಇಷ್ಟವಿದ್ದವರು ಬಂದು ಕೂಡಬಹುದು, ಬಾರದವನ ತಟ್ಟೆಗೆ ಏನೂ ಕಡಮೆಯಾಗುವುದಿಲ್ಲ. ಎರಡನೆಯದಾಗಿ, ಸ್ವಯಂಸೇವಕರಿಗೆ ಸಂಬಳವಿಲ್ಲ. ಅವರಲ್ಲಿ ಹಲವರು ಅತಿಥಿಗಳ ಮನೆಯಲ್ಲಿಯೇ ವಾಸಿಸಿ, ಅದೇ ಊಟವನ್ನು ಉಂಡು, ದಾನವಾಗಿ ಬಂದ ಅದೇ ಬಟ್ಟೆಗಳ ರಾಶಿಯಿಂದ ತಮಗೆ ಬೇಕಾದುದನ್ನು ತೆಗೆದುಕೊಳ್ಳುತ್ತಾರೆ. ವರ್ಷಗಟ್ಟಲೆ ಅತಿಥಿಯಾಗಿದ್ದವನೇ ಅಡಿಗೆಮನೆಯ ಹೊಣೆ ಹೊರುವುದೂ ಉಂಟು. ಮನೆಯೊಳಗೆ ಹೊಕ್ಕವನಿಗೆ ಇಕ್ಕುವವನಾರು, ಉಣ್ಣುವವನಾರು ಎಂಬುದು ಕೂಡಲೇ ತಿಳಿಯದಿರುವುದು ಈ ವ್ಯವಸ್ಥೆಯ ಕೊರತೆಯಲ್ಲ, ಉದ್ದೇಶ.

ಈ ಸಂಬಂಧದಲ್ಲಿ ಪ್ರಸಿದ್ಧವಾದ ಒಂದು ಪ್ರಸಂಗವನ್ನು ಹೇಳಬಹುದು. ೧೯೫೬ರಲ್ಲಿ ಮನೆಯ ಕಟ್ಟಡ ಬೆಂಕಿಯ ಅಪಾಯದ ನಿಯಮಗಳಿಗೆ ಅನುಗುಣವಾಗಿಲ್ಲವೆಂದು ನ್ಯಾಯಾಲಯ ಡೇ ಅವರಿಗೆ ೨೫೦ ಡಾಲರುಗಳ ದಂಡ ವಿಧಿಸಿತು. ಅವರು ನ್ಯಾಯಾಲಯಕ್ಕೆ ಹೊರಟಾಗ ಬಾಗಿಲ ಬಳಿ ಬಟ್ಟೆಗಾಗಿ ಕಾದಿದ್ದವರ ನಡುವಿನಿಂದ ಮಾಸಿದ ಉಡುಪಿನ ಒಬ್ಬನು ಬಂದು ಒಂದು ಚೆಕ್ಕನ್ನು ಕೈಗಿತ್ತನು. ಎರಡೂವರೆ ಡಾಲರಿರಬೇಕೆಂದು ತಿಳಿದು ವಂದಿಸಿ ಮುನ್ನಡೆದ ಡೇ ಅವರು, ದಾರಿಯಲ್ಲಿ ನೋಡಿದಾಗ ಅದು ಪೂರ್ತಿ ೨೫೦ ಡಾಲರುಗಳ ಚೆಕ್ಕಾಗಿತ್ತು. ಕೊಟ್ಟವರು ಕವಿ ಡಬ್ಲ್ಯು. ಎಚ್. ಆಡೆನ್. ವೇಷವನ್ನು ನೋಡಿ ಮನುಷ್ಯನನ್ನು ಅಳೆಯುವುದು ಎಷ್ಟು ನೆಚ್ಚಲಾಗದ ಕೆಲಸವೆಂಬುದಕ್ಕೆ ಈ ಪ್ರಸಂಗ ಒಂದು ನಿದರ್ಶನ.

ಹಣದ ವಿಷಯದಲ್ಲಿಯೂ ಪರೀಕ್ಷೆ ಇಕ್ಕುವವರ ಮೇಲೆಯೇ ಬಿದ್ದಿತು. ಸರಕಾರದ ಅನುದಾನವನ್ನು ಡೇ ಅವರು ಬಯಸಲಿಲ್ಲ. ದತ್ತಿಸಂಸ್ಥೆಯೆಂದು ನೋಂದಾಯಿಸಿಕೊಂಡರೆ ತೆರಿಗೆಯ ವಿನಾಯಿತಿ ದೊರೆಯುತ್ತಿತ್ತು, ಅದನ್ನೂ ಬೇಡವೆಂದರು. ಹಸಿದವನಿಗೆ ಇಕ್ಕುವುದಕ್ಕೆ ಸರಕಾರದ ಅಪ್ಪಣೆಚೀಟಿ ಬೇಕಿಲ್ಲವೆಂಬುದು ಅವರ ನಿಲುವು. ಇದರಿಂದಾಗಿ ೧೯೭೨ರಲ್ಲಿ ಸುಮಾರು ೩,೦೦,೦೦೦ ಡಾಲರುಗಳ ತೆರಿಗೆಯ ಬಾಕಿಗಾಗಿ ತಗಾದೆ ಬಂದು, ಅದೇ ವರ್ಷ ಅಧಿಕಾರಿಗಳು ಅದನ್ನು ಹಿಂತೆಗೆದುಕೊಂಡರು. ಇದಕ್ಕೆ ಮುಂಚೆ ಸುರಂಗರೈಲಿನ ಕಾಮಗಾರಿಗಾಗಿ ನಗರಾಡಳಿತ ಇವರ ಮನೆಯೊಂದನ್ನು ವಶಪಡಿಸಿಕೊಂಡು, ಹಣವನ್ನು ತಡವಾಗಿ ಪಾವತಿಮಾಡಿ, ತಡವಾದುದಕ್ಕೆ ೩,೫೭೯ ಡಾಲರು ೩೯ ಸೆಂಟುಗಳ ಬಡ್ಡಿಯನ್ನು ಸೇರಿಸಿ ಕೊಟ್ಟಿತ್ತು. ಬಡ್ಡಿಯ ಹಣ ನಮ್ಮದಲ್ಲವೆಂದು ೧೯೬೦ರಲ್ಲಿ ಡೇ ಅವರು ಅಷ್ಟನ್ನೂ ನಗರಾಡಳಿತಕ್ಕೆ ಹಿಂದಿರುಗಿಸಿದರು. ಸಾಲದ ಹೊರೆ ಸದಾ ಇದ್ದ ಮನೆಯಲ್ಲಿ ಇದು ಲೌಕಿಕರಿಗೆ ಹುಚ್ಚೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಪಡೆಯುವವನ ಕೈ ಶುದ್ಧವೇ ಎಂದು ಕೇಳದಿರುವವರು ಕೊಡುವ ಕೈ ಶುದ್ಧವಾಗಿರಬೇಕೆಂದು ಬಯಸುವುದರಲ್ಲಿ ಒಂದು ತರ್ಕವಿದೆ.

೬. ಆಕ್ಷೇಪಗಳು

ಈ ಪದ್ಧತಿಗೆ ಒಡ್ಡಬಹುದಾದ ಆಕ್ಷೇಪಗಳು ಮುಖ್ಯವಾಗಿ ಮೂರು.

ಕೇಳದೆ ಕೊಟ್ಟರೆ ಸೋಮಾರಿತನ ಬೆಳೆಯುತ್ತದೆಂಬುದು ಮೊದಲನೆಯದು. ಇದಕ್ಕೆ ಚಳವಳಿಯವರ ಉತ್ತರ ಎರಡು ಬಗೆಯದು. ಒಂದು ಬಟ್ಟಲು ಸೂಪಿಗಾಗಿ ಚಳಿಯಲ್ಲಿ ಸಾಲಿನಲ್ಲಿ ನಿಲ್ಲುವುದು ಸುಖಜೀವನವೆಂದು ಎಣಿಸುವವನು ಆ ಸಾಲಿನಲ್ಲಿ ನಿಂತವನಲ್ಲ. ಸಾಲದುದಕ್ಕೆ, ಅಲ್ಲಿ ನಿಂತವರಲ್ಲಿ ಎಷ್ಟೋ ಮಂದಿ ಮನೋವ್ಯಾಧಿಯಿಂದಲೋ ಕುಡಿತದಿಂದಲೋ ಮುಪ್ಪಿನಿಂದಲೋ ಕುಸಿದವರು; ಅವರ ಇಚ್ಛಾಶಕ್ತಿಯೇ ರೋಗಕ್ಕೆ ಗುರಿಯಾಗಿರುವಾಗ ಅದನ್ನು ಪ್ರಶ್ನೆಪತ್ರಿಕೆಯಿಂದ ಅಳೆಯಲಾಗದು. ಆದರೂ ಮನೆಯಲ್ಲಿ ನಿಯಮವೇ ಇಲ್ಲವೆಂದಲ್ಲ. ಪರರ ಮೇಲೆ ಕೈಮಾಡಿದವನನ್ನು ಹೊರಗೆ ಕಳುಹಿಸಬೇಕಾಗುತ್ತದೆ. ಹಾಸಿಗೆಗಳು ತುಂಬಿದ ಮೇಲೆ ಬಂದವನಿಗೆ ಇಲ್ಲವೆನ್ನಬೇಕಾಗುತ್ತದೆ. ಅರ್ಹತೆಯನ್ನು ಕೇಳದ ಬಾಗಿಲೂ ಸ್ಥಳವಿಲ್ಲವೆಂದು ಮುಚ್ಚಬಹುದೆಂಬುದು ಈ ಪದ್ಧತಿಯ ನಿಜವಾದ ಸಂಕಟ. ಅದನ್ನು ಡೇ ಅವರು ತಮ್ಮ ಬರವಣಿಗೆಯಲ್ಲಿ ಮರೆಮಾಚಲಿಲ್ಲ.

ಬಡತನವನ್ನು ಪೂಜಿಸುವವರು ಬಡತನವನ್ನು ಹೋಗಲಾಡಿಸಲಾರರೆಂಬುದು ಎರಡನೆಯದು. ಇಲ್ಲಿ ಡೇ ಅವರು ಮಾಡುವ ವಿಭಾಗವನ್ನು ಗಮನಿಸಬೇಕು. ತಾನಾಗಿ ಒಪ್ಪಿಕೊಂಡ ಬಡತನ ಒಂದು, ಬಲವಂತದಿಂದ ಬಂದ ದೈನ್ಯ ಇನ್ನೊಂದು. ಮೊದಲನೆಯದು ಸ್ವಯಂಸೇವಕನ ವ್ರತ. ಎರಡನೆಯದು ಸಮಾಜದ ಪಾಪ. ಆದುದರಿಂದಲೇ ಅವರು ಸೂಪಿನ ಪಾತ್ರೆಯ ಬಳಿಯಲ್ಲಿಯೇ ನಿಲ್ಲಲಿಲ್ಲ. ಕಾರ್ಮಿಕರ ಮುಷ್ಕರಗಳಿಗೆ ಬೆಂಬಲವಿತ್ತರು. ಯುದ್ಧವನ್ನು ವಿರೋಧಿಸಿದರು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದರಿಂದಾಗಿ ಓದುಗರನ್ನೂ ಸ್ವಯಂಸೇವಕರನ್ನೂ ಕಳೆದುಕೊಂಡು ಹಲವು ಮನೆಗಳು ಮುಚ್ಚಿದುವು. ೧೯೭೩ರಲ್ಲಿ, ತಮ್ಮ ಎಪ್ಪತ್ತೈದನೆಯ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯದ ಹೊಲಗಳ ಕೂಲಿಗಾರರೊಂದಿಗೆ ನಿಂತು ಬಂಧನಕ್ಕೊಳಗಾದರು.

ಮೂರನೆಯ ಆಕ್ಷೇಪ ಅತ್ಯಂತ ಬಲವಾದುದು. ದಯೆ ಕೊಡುವವನ ಇಷ್ಟವನ್ನು ಅವಲಂಬಿಸಿದೆ. ಹಸಿದವನಿಗೆ ಬೇಕಾದುದು ದಯೆಯಲ್ಲ, ಹಕ್ಕು. ಇದಕ್ಕೆ ಅದೇ ಬೌರಿ ಬೀದಿಯ ಇತಿಹಾಸದಲ್ಲಿಯೇ ಆಧಾರವಿದೆ. ನಿರ್ಗತಿಕರ ಪೋಷಣೆ ಸಾರ್ವಜನಿಕ ಹೊಣೆಯೆಂದು ನ್ಯೂಯಾರ್ಕ್ ಸಂಸ್ಥಾನದ ಸಂವಿಧಾನಕ್ಕೆ ೧೯೩೮ರಲ್ಲಿ ಸೇರಿದ ವಿಧಿಯನ್ನು ಆಧಾರವಾಗಿಟ್ಟುಕೊಂಡು, ರಾಬರ್ಟ್ ಕ್ಯಾಲಹ್ಯಾನ್ ಮೊದಲಾದ ವಸತಿಹೀನರ ಪರವಾಗಿ ರಾಬರ್ಟ್ ಹೇಯ್ಸ್ ಎಂಬ ತರುಣ ವಕೀಲರು ೧೯೭೯ರಲ್ಲಿ ದಾವೆ ಹೂಡಿದರು. ೧೯೮೧ರಲ್ಲಿ ಉಭಯಪಕ್ಷಗಳೂ ಒಪ್ಪಿದ ತೀರ್ಪಿನಂತೆ ವಸತಿಹೀನ ಪುರುಷರಿಗೆ ಆಸರೆ ಒದಗಿಸುವುದು ನಗರಾಡಳಿತದ ಕರ್ತವ್ಯವಾಯಿತು. ಅದಕ್ಕೆ ಸಹಿ ಬೀಳುವ ಮುನ್ನವೇ ಕ್ಯಾಲಹ್ಯಾನ್ ಬೀದಿಯಲ್ಲಿ ಸತ್ತಿದ್ದರು.

ಮೊರಿನ್ನರೂ ಡೇ ಅವರೂ ಸರಕಾರವೇ ಸಕಲರ ತಾಯಿಯಾಗುವುದನ್ನು ಸಂಶಯದಿಂದ ಕಂಡವರು. ಮನುಷ್ಯ ಮನುಷ್ಯನಿಗೆ ನೇರವಾಗಿ ಸಲ್ಲಿಸಬೇಕಾದ ಋಣವನ್ನು ಕಚೇರಿಗೆ ವರ್ಗಾಯಿಸಿ ನಿಶ್ಚಿಂತರಾಗುವ ಅಪಾಯವನ್ನು ಅವರು ಎತ್ತಿ ತೋರಿಸಿದುದು ಸರಿಯೇ. ಆದರೆ ಅವರ ಮನೆಗಳ ಹಾಸಿಗೆಗಳೆಲ್ಲ ಸೇರಿದರೂ ಆ ಮಹಾನಗರದ ವಸತಿಹೀನರಿಗೆ ಸಾಲುತ್ತಿರಲಿಲ್ಲ. ಸಾವಿರಾರು ಹಾಸಿಗೆಗಳನ್ನು ಹಾಕಿಸಿದುದು ನ್ಯಾಯಾಲಯದ ತೀರ್ಪು. ಹಾಗೆಂದು ತೀರ್ಪೊಂದೇ ಸಾಕೆನ್ನಲೂ ಆಗದು. ನ್ಯಾಯಾಧೀಶನು ಹಾಸಿಗೆ ಹಾಕಿಸಬಲ್ಲನೇ ಹೊರತು, ಅದರ ಪಕ್ಕದಲ್ಲಿ ಕುಳಿತು ಕ್ಷೇಮ ವಿಚಾರಿಸುವವನನ್ನು ನೇಮಿಸಲಾರನು. ಹಕ್ಕು ಇಲ್ಲದ ದಯೆ ಕೆಲವರಿಗೆ ಮಾತ್ರ ಮುಟ್ಟುತ್ತದೆ. ದಯೆಯಿಲ್ಲದ ಹಕ್ಕು ಎಲ್ಲರಿಗೂ ಮುಟ್ಟಿ ಯಾರನ್ನೂ ಗುರುತಿಸದೆ ಹೋಗಬಹುದು.

೭. ಉಪಸಂಹಾರ

ಕನ್ನಡ ಓದುಗರಿಗೆ ಈ ಆತಿಥ್ಯವನ್ನು ಕುರಿತು ಓದುವಾಗ ದಾಸೋಹವೆಂಬ ಮಾತು ನೆನಪಿಗೆ ಬರುವುದು ಸಹಜ. ನೀಡುವವನು ದಾಸನೆಂಬ ಭಾವ ಎರಡರಲ್ಲಿಯೂ ಸಮಾನ. ಆದರೆ ಹೋಲಿಕೆಯನ್ನು ಬಹುದೂರ ಎಳೆಯುವುದು ತರವಲ್ಲ. ದಾಸೋಹ ಕಾಯಕದಿಂದ ಬಂದ ಗಳಿಕೆಯನ್ನು ಆಧರಿಸಿ, ಜಂಗಮಭಕ್ತಿಯೊಡನೆ ಹೆಣೆದುಕೊಂಡ ಆಚರಣೆ. ಇದು ಕೈಗಾರಿಕಾ ನಗರ ಬೀದಿಗೆಸೆದವರ ಮುಂದೆ ಮತ್ತಾಯನ ಸುವಾರ್ತೆಯನ್ನು ಹಿಡಿದು ನಿಂತವರ ಪ್ರಯೋಗ. ಭಾರತದೊಡನೆ ಈ ಚಳವಳಿಗೆ ನೇರವಾದ ಸಂಬಂಧವೂ ಸ್ವಲ್ಪಮಟ್ಟಿಗೆ ಉಂಟು. ೧೯೭೦ರಲ್ಲಿ ಡೇ ಅವರು ಕಲ್ಕತ್ತೆಗೆ ಬಂದು ಮದರ್ ತೆರೇಸಾ ಅವರನ್ನು ಕಂಡರು.

ಮೊರಿನ್ ೧೯೪೯ರಲ್ಲಿಯೂ ಡೇ ೧೯೮೦ರ ನವೆಂಬರ್ ೨೯ರಂದು ನ್ಯೂಯಾರ್ಕಿನ ಮೇರಿಹೌಸ್ ಎಂಬ ತಮ್ಮ ಆತಿಥ್ಯಗೃಹದಲ್ಲಿಯೂ ತೀರಿಕೊಂಡರು. ಡೇ ಅವರನ್ನು ಸಂತರೆಂದು ಸಾರುವ ವಿಚಾರಣೆಗೆ ೨೦೦೦ದಲ್ಲಿ ವ್ಯಾಟಿಕನ್ನಿನ ಅನುಮತಿ ದೊರೆಯಿತು. ಕೇಂದ್ರ ಕಚೇರಿಯಾಗಲಿ ಅಧ್ಯಕ್ಷರಾಗಲಿ ಇಲ್ಲದೆ, ಒಂದೊಂದೂ ತನ್ನಷ್ಟಕ್ಕೆ ಸ್ವತಂತ್ರವಾಗಿ ನಡೆಯುವ ಇಂಥ ಸಮುದಾಯಗಳು ಈಗ ನೂರಕ್ಕೂ ಹೆಚ್ಚಾಗಿವೆ.

ಹಸಿದವನ ಅರ್ಹತೆಯ ಪ್ರಶ್ನೆಗೆ ಈ ಸ್ವಯಂಸೇವಕರು ಉತ್ತರ ಕೊಡಲಿಲ್ಲ. ಪ್ರಶ್ನೆಯನ್ನು ತಿರುಗಿಸಿ ತಮ್ಮ ಕಡೆಗೆ ಇಟ್ಟುಕೊಂಡರು. ಸಂಬಳವಿಲ್ಲದ ದುಡಿಮೆ, ಹಂಚಿಕೊಂಡ ಊಟ, ಹಿಂದಿರುಗಿಸಿದ ಬಡ್ಡಿ ಇವೆಲ್ಲ ಆ ಪರೀಕ್ಷೆಯ ಅಂಗಗಳೇ. ವಸತಿಹೀನತೆಯನ್ನು ಈ ಮಾರ್ಗ ನಿವಾರಿಸಲಿಲ್ಲ, ನಿವಾರಿಸುವೆನೆಂದು ಹೇಳಿಕೊಳ್ಳಲೂ ಇಲ್ಲ. ಆದರೆ ನೆರವಿನ ಯೋಜನೆಗಳನ್ನು ಅಭ್ಯಾಸಮಾಡುವವರು ಪಡೆಯುವವರ ಅರ್ಹತೆಗಾಗಿ ಎಷ್ಟು ಪ್ರಶ್ನೆಗಳನ್ನು ಸಿದ್ಧಪಡಿಸುತ್ತಾರೋ, ಕೊಡುವವರ ಅರ್ಹತೆಗಾಗಿಯೂ ಅಷ್ಟನ್ನು ಸಿದ್ಧಪಡಿಸಬೇಕೆಂಬುದನ್ನು ಈ ಮನೆಗಳ ಚರಿತ್ರೆಯಿಂದ ಕಲಿಯಬಹುದು.